ಫೋಟೋ ಇದೆ, ಆದರೆ ಬರ್ತಿಲ್ಲ: ನೆಕ್ಸ್ಟ್ ಜೆಎಸ್ ಚಿತ್ರಗಳ 7 ಸೆಕೆಂಡ್ ಗಡುವು

ಜುಲೈ ತಿಂಗಳು, ಬೆಳಗ್ಗೆ ಎಂಟೂವರೆ. ಗೌಡ್ರ ಫೋನ್. "ಮಾರಾಯ, ಎಂತ ಮಾಡಿದ್ಯೋ? ವೆಬ್‌ಸೈಟಲ್ಲಿ ನಮ್ಮನೆ ಫೋಟೋನೇ ಕಾಣ್ತಿಲ್ಲ. ಬರೀ ಬಿಳಿ ಚೌಕ."

ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯಲ್ಲಿ ಅವರ ಅಡಿಕೆ ತೋಟ. ತೋಟದೊಳಗೆ ಹೋಮ್‌ಸ್ಟೇ. ಸೈಟ್ ಮಾಡಿಕೊಟ್ಟವರು ನಾವು, ಶಿವಮೊಗ್ಗದ ದುರ್ಗಿಗುಡಿಯಲ್ಲಿ ಮೂರು ಜನ ಕೂತು ಕೆಲಸ ಮಾಡುವವರು. ಹಿಂದಿನ ದಿನ ಸಂಜೆ ನಾನು ಒಂದೇ ಒಂದು ಸಾಲು ಬದಲಿಸಿದ್ದೆ, ಮಳೆಗಾಲದ ರೂಮ್ ಬಾಡಿಗೆ. ಫೋಟೋದ ತಂಟೆಗೇ ಹೋಗಿರಲಿಲ್ಲ. ಆದರೂ 40 ಫೋಟೋಗಳಲ್ಲಿ ಅರ್ಧಕ್ಕರ್ಧ ಮಾಯ. ಪುಟ ರಿಫ್ರೆಶ್ ಮಾಡಿದರೆ ಒಂದೆರಡು ಬರುತ್ತಿದ್ದವು, ಬೇರೆ ಒಂದೆರಡು ಹೋಗುತ್ತಿದ್ದವು.

ಇಂಥ ದೋಷ ನಿಮಗೂ ಬಂದರೆ ನಮ್ಮ ಹಾಗೆ ಮೂರು ದಿನ ಕಳೆಯಬೇಡಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಸೈಟ್ ಹೇಗಿತ್ತು ಹೇಳಿಬಿಡುತ್ತೇನೆ. ಸೈಟ್ ನೆಕ್ಸ್ಟ್ ಜೆಎಸ್ (ವೆಬ್‌ಸೈಟ್ ಕಟ್ಟಲು ಬಳಸುವ ಚೌಕಟ್ಟು) 15ನೇ ಆವೃತ್ತಿಯಲ್ಲಿ ಮಾಡಿದ್ದು, ನಮ್ಮ ಬಾಡಿಗೆ ಸರ್ವರ್‌ನಲ್ಲಿ ಓಡುತ್ತಿತ್ತು. ಫೋಟೋಗಳು ಮಾತ್ರ ಅಲ್ಲಿರಲಿಲ್ಲ. "ನಮ್ಮ ಫೋಟೋ ನಮ್ಮನೇಲೇ ಇರ್ಲಿ" ಅಂತ ಗೌಡ್ರ ಹಟ. ಮಗ ತಂದುಕೊಟ್ಟ ಸ್ಟೋರೇಜ್ ಡಬ್ಬಿ, ಅದರಲ್ಲಿ ಎರಡು ಹಾರ್ಡ್ ಡಿಸ್ಕ್, ಅದಕ್ಕೊಂದು ಹೊರಗಿನ ವಿಳಾಸ. ಕ್ಯಾಮೆರಾದಿಂದ ಬಂದ ಫೋಟೋ ಹಾಗೇ ಅದರಲ್ಲಿ ಬೀಳುತ್ತಿತ್ತು, ಹೆಚ್ಚಿನವು 8 ಎಂಬಿ ಆಸುಪಾಸು. ಬೇಸಿಗೆಯಲ್ಲಿ ಎಲ್ಲ ಚೆನ್ನಾಗೇ ನಡೆದಿತ್ತು.

ಮುರಿದ ಚಿತ್ರದ ವಿಳಾಸ ತೆರೆದು ನೋಡಿ

ನೆಕ್ಸ್ಟ್ ಜೆಎಸ್‌ನಲ್ಲಿ ಚಿತ್ರ ತೋರಿಸಲು ಇರುವ ಸಿದ್ಧ ಭಾಗ, ಇಮೇಜ್ ಕಾಂಪೊನೆಂಟ್, 2020ರಲ್ಲಿ, 10ನೇ ಆವೃತ್ತಿಯಲ್ಲಿ ಬಂತು. ಅದನ್ನು ಬಳಸಿದರೆ ಫೋಟೋ ತರುವುದು ಬ್ರೌಸರ್ ಅಲ್ಲ, ನಿಮ್ಮ ಸರ್ವರ್. ಬ್ರೌಸರ್ ನಿಮ್ಮ ಸರ್ವರ್‌ಗೆ "ಈ ಫೋಟೋ ಇಷ್ಟು ಅಗಲದಲ್ಲಿ ಕೊಡು" ಅನ್ನುತ್ತದೆ. ಸರ್ವರ್ ಮೂಲ ಫೋಟೋ ತರಿಸಿ, ಕುಗ್ಗಿಸಿ, ವೆಬ್‌ಪಿ ಅನ್ನುವ ಹಗುರ ಬಗೆಗೆ ಬದಲಿಸಿ, ಒಂದು ಪ್ರತಿ ಕ್ಯಾಶ್‌ನಲ್ಲಿ (ಮತ್ತೆ ಕೇಳಿದಾಗ ಕೊಡಲು ತೆಗೆದಿಡುವ ಜಾಗ) ಇಟ್ಟು ಕಳಿಸುತ್ತದೆ. ಈ ಕೆಲಸ ಮಾಡುವ ಭಾಗಕ್ಕೆ ಆಪ್ಟಿಮೈಸರ್ ಅನ್ನುತ್ತಾರೆ.

ಹಾಗಾಗಿ ಬಿಳಿ ಚೌಕ ಕಂಡರೆ ಅದರ ಮೇಲೆ ರೈಟ್ ಕ್ಲಿಕ್ ಮಾಡಿ, ಚಿತ್ರವನ್ನು ಹೊಸ ಟ್ಯಾಬ್‌ನಲ್ಲಿ ತೆರೆಯಿರಿ. ವಿಳಾಸದಲ್ಲಿ ಮೂರು ವಿಷಯ ಇರುತ್ತವೆ: ಮೂಲ ಫೋಟೋದ ಯುಆರ್‌ಎಲ್, ಅಗಲಕ್ಕೆ ಡಬ್ಲ್ಯು, ಗುಣಮಟ್ಟಕ್ಕೆ ಕ್ಯು. ಚಿತ್ರದ ಜಾಗದಲ್ಲಿ ಒಂದು ಸಾಲು ಇಂಗ್ಲಿಷ್ ಬರಬಹುದು. ಪುಟದಲ್ಲಿ ಆ ಸಾಲು ಯಾರಿಗೂ ಕಾಣುವುದಿಲ್ಲ, ಏಕೆಂದರೆ ಚಿತ್ರದ ಜಾಗದಲ್ಲಿ ಬಂದ ಅಕ್ಷರವನ್ನು ಬ್ರೌಸರ್ ತೋರಿಸುವುದಿಲ್ಲ. ಆದರೆ ರೋಗದ ಹೆಸರು ಇರುವುದೇ ಆ ಸಾಲಿನಲ್ಲಿ.

ನಮಗೆ ಬಂದಿದ್ದು ಇದು: "ಯುಆರ್‌ಎಲ್ ಪ್ಯಾರಾಮೀಟರ್ ಈಸ್ ವ್ಯಾಲಿಡ್ ಬಟ್ ಅಪ್‌ಸ್ಟ್ರೀಮ್ ರೆಸ್ಪಾನ್ಸ್ ಟೈಮ್ಡ್ ಔಟ್". ಸ್ಟೇಟಸ್ (ಸರ್ವರ್ ಉತ್ತರದ ಜೊತೆ ಕೊಡುವ ಸಂಖ್ಯೆ) 504. ಅಂದರೆ ವಿಳಾಸ ಸರಿ ಇದೆ, ಆ ಕಡೆಯಿಂದ ಉತ್ತರ ಹೊತ್ತಿಗೆ ಸರಿಯಾಗಿ ಬರಲಿಲ್ಲ.

ಇಷ್ಟು ಓದಿದ ಮೇಲೂ ನಾನು ದಾರಿ ತಪ್ಪಿದೆ.

ತೀರ್ಥಹಳ್ಳಿಗೆ ಹೋಗಿದ್ದು ದಂಡ

ಮೂಲ ಫೋಟೋದ ವಿಳಾಸವನ್ನು ಆಫೀಸಿನ ಬ್ರೌಸರ್‌ನಲ್ಲಿ ನೇರವಾಗಿ ತೆರೆದೆ. ಮೇಲಿಂದ ಕೆಳಗೆ ಪಟ್ಟಿ ಪಟ್ಟಿಯಾಗಿ ಮೂಡುತ್ತಾ ಫೋಟೋ ಪೂರ್ತಿ ಬಂತು. ಸರಿ, ಡಬ್ಬಿ ಬದುಕಿದೆ, ಲೈನ್ ಆಗಾಗ ಕಟ್ ಆಗುತ್ತಿರಬೇಕು ಅಂದುಕೊಂಡೆ. ಮಳೆಗಾಲದ ಮಲೆನಾಡು, ಇನ್ನೇನು ಅಂದುಕೊಳ್ಳೋದು? ಹೊಸ ಕೇಬಲ್ ಚೀಲಕ್ಕೆ ಹಾಕಿಕೊಂಡು ಬಸ್ ಹತ್ತಿದೆ. ಗಾಜನೂರು ದಾಟುವಾಗ ತುಂಗೆ ಕೆಂಪಗೆ ಹರಿಯುತ್ತಿದ್ದಳು. ಗೌಡ್ರ ಮನೆಯಲ್ಲಿ ರೂಟರ್‌ನ ಕೇಬಲ್ ಬದಲಿಸಿದೆ, ಡಬ್ಬಿ ಒಮ್ಮೆ ಆಫ್ ಮಾಡಿ ಆನ್ ಮಾಡಿದೆ. ಫೋಟೋ ಬಂದವು. ಕಡುಬು, ಕಳಲೆ ಪಲ್ಯ ತಿಂದು ಸಂತೋಷವಾಗಿ ವಾಪಸ್ ಬಂದೆ. ರಾತ್ರಿ ಒಂಬತ್ತಕ್ಕೆ ಮತ್ತೆ ಬಿಳಿ ಚೌಕ.

ನನ್ನ ಪರೀಕ್ಷೆಯೇ ತಪ್ಪಾಗಿತ್ತು. ಬ್ರೌಸರ್‌ಗೆ ತಾಳ್ಮೆ ಜಾಸ್ತಿ. ಫೋಟೋ ಅರ್ಧ ನಿಮಿಷ ತಗೊಂಡರೂ ಅದು ಕಾಯುತ್ತದೆ, ಬಂದಷ್ಟು ತೋರಿಸುತ್ತಿರುತ್ತದೆ. ಆಪ್ಟಿಮೈಸರ್ ಹಾಗಲ್ಲ. ಆದ್ದರಿಂದ ಮೂಲ ಫೋಟೋ ಬರುತ್ತಾ ಅಂತ ನೋಡಬೇಕಾದ್ದು ನಿಮ್ಮ ಲ್ಯಾಪ್‌ಟಾಪಿನಿಂದ ಅಲ್ಲ, ಸೈಟ್ ಓಡುತ್ತಿರುವ ಸರ್ವರ್‌ನಿಂದ. ಸರ್ವರ್‌ಗೆ ಲಾಗಿನ್ ಆಗಿ ಕರ್ಲ್ ಕಮಾಂಡ್‌ನಿಂದ ಅದೇ ವಿಳಾಸ ತರಿಸಿ, ಕಮಾಂಡ್‌ನ ಮುಂದೆ ಟೈಮ್ ಅಂತ ಸೇರಿಸಿ. ಬರುತ್ತದೋ ಇಲ್ಲವೋ ಅನ್ನುವುದಕ್ಕಿಂತ ಎಷ್ಟು ಸೆಕೆಂಡ್ ಹಿಡಿಯಿತು ಅನ್ನುವುದು ಮುಖ್ಯ. ನಮಗೆ ಒಮ್ಮೆ 11, ಒಮ್ಮೆ 16 ಬಂತು.

7.01, 7.02, 7.01

ಮಾರನೆಯ ದಿನ ನಮ್ಮ ಆಫೀಸಿನ ಹುಡುಗಿ ಸರ್ವರ್ ಲಾಗ್ ತೆಗೆದು ಕೂತಳು. ಸೋತ ಕೋರಿಕೆಗಳನ್ನು ಮಾತ್ರ ಬೇರೆ ಮಾಡಿ, ಒಂದೊಂದೂ ಎಷ್ಟು ಹೊತ್ತು ನಡೆದಿತ್ತು ಅಂತ ಸಾಲಾಗಿ ಬರೆದಳು. 7.01. 7.02. 7.01. 7.03. 7.01.

"ಅಣ್ಣಾ, ಲೈನ್ ಕಟ್ ಆಗಿದ್ರೆ ಒಂದು ಮೂರಕ್ಕೆ, ಒಂದು ಹನ್ನೆರಡಕ್ಕೆ ಸಾಯ್ಬೇಕಲ್ವಾ? ಎಲ್ಲಾ ಏಳಕ್ಕೇ ಯಾಕೆ ಸಾಯ್ತವೆ?"

ಅದೇ ಸುಳಿವು. ಮಳೆಗೆ ಲೆಕ್ಕ ಗೊತ್ತಿಲ್ಲ. ಇಷ್ಟು ಕರಾರುವಾಕ್ಕಾಗಿ ಕತ್ತರಿಸುವುದು ಯಾವುದೋ ಪ್ರೋಗ್ರಾಮ್ ಮಾತ್ರ. ನಾವು ಓದಿದ ಕೈಪಿಡಿಯ ಚಿತ್ರದ ಪುಟದಲ್ಲಿ ಇಂಥ ಗಡುವಿನ ಮಾತು ಸಿಗಲಿಲ್ಲ. ಕೊನೆಗೆ ಕೋಡನ್ನೇ ತೆರೆದೆವು. ನೋಡ್ ಮಾಡ್ಯೂಲ್ಸ್ ಫೋಲ್ಡರ್‌ನೊಳಗೆ ನೆಕ್ಸ್ಟ್, ಅದರೊಳಗೆ ಡಿಸ್ಟ್, ಅದರೊಳಗೆ ಸರ್ವರ್. ಅಲ್ಲಿ ಇಮೇಜ್ ಆಪ್ಟಿಮೈಸರ್ ಅನ್ನುವ ಫೈಲ್. ಹೊರಗಿನ ಫೋಟೋ ತರುವ ಫಂಕ್ಷನ್‌ನಲ್ಲಿ ಗಡುವು ಬರೆದಿತ್ತು, 7000 ಮಿಲಿಸೆಕೆಂಡ್. ನಾವು ಬದಲಿಸಬಹುದಾದ ಸೆಟ್ಟಿಂಗ್‌ನಿಂದ ಬಂದ ಅಂಕಿ ಅಲ್ಲ ಅದು, ಕೋಡ್‌ನಲ್ಲೇ ಕೂತ ಅಂಕಿ.

ಈಗ ಲೆಕ್ಕ ಹಾಕಿ. 8 ಎಂಬಿ ಫೋಟೋ ಅಂದರೆ 64 ಮೆಗಾಬಿಟ್. ಗೌಡ್ರ ಮನೆಯಿಂದ ಹೊರಗೆ ಹೋಗುವ ವೇಗ ಬೇಸಿಗೆಯಲ್ಲಿ ಸೆಕೆಂಡಿಗೆ 10 ಮೆಗಾಬಿಟ್ ಇತ್ತು. 6.4 ಸೆಕೆಂಡ್ ಆಯಿತು. ಗಡುವಿಗೆ ಅರ್ಧ ಸೆಕೆಂಡ್ ಇರುವಾಗ ಪಾಸಾಗುತ್ತಿತ್ತು, ನಮಗೆ ಗೊತ್ತೇ ಇರಲಿಲ್ಲ. ಮಳೆಗಾಲದಲ್ಲಿ ವೇಗ 4ಕ್ಕೆ ಇಳಿಯಿತು. 16 ಸೆಕೆಂಡ್.

ಇದಕ್ಕೆ ಇನ್ನೆರಡು ಸೇರಿಕೊಂಡವು. ಒಂದು, ನಾನು ಬಾಡಿಗೆ ಬದಲಿಸಿ ಮಾಡಿದ ಡಿಪ್ಲಾಯ್, ಅಂದರೆ ಸೈಟ್‌ನ ಹೊಸ ಪ್ರತಿಯನ್ನು ಸರ್ವರ್‌ಗೆ ಏರಿಸಿದ್ದು. ಕುಗ್ಗಿಸಿದ ಫೋಟೋಗಳು ಬಿಲ್ಡ್ ಫೋಲ್ಡರ್‌ನೊಳಗಿನ ಕ್ಯಾಶ್‌ನಲ್ಲಿ ಇರುತ್ತವೆ. ನಮ್ಮ ಡಿಪ್ಲಾಯ್ ಪ್ರತಿ ಸಲ ಹೊಸ ಕಂಟೇನರ್ (ಸೈಟ್ ಓಡುವ ಪ್ರತ್ಯೇಕ ಆವರಣ) ಎಬ್ಬಿಸುತ್ತದೆ, ಹಳೆಯ ಕ್ಯಾಶ್ ಹಳೆಯದರ ಜೊತೆಗೇ ಹೋಗುತ್ತದೆ. ಮೇ ತಿಂಗಳಿಂದ ಕ್ಯಾಶ್ ನಮ್ಮ ಮಾನ ಕಾಪಾಡುತ್ತಿತ್ತು. ಒಂದು ಸಾಲು ಬದಲಿಸಿದ್ದಕ್ಕೆ 40 ಫೋಟೋಗಳನ್ನೂ ಹೊಸದಾಗಿ ತರಬೇಕಾಯಿತು.

ಇನ್ನೊಂದು ನನಗೂ ಗೊತ್ತಿರಲಿಲ್ಲ. ಮೂಲ ಫೋಟೋವನ್ನು ಒಂದು ಸಲ ತಂದು ಎಲ್ಲ ಅಳತೆಗೂ ಬಳಸಿಕೊಳ್ಳುತ್ತದೆ ಅಂದುಕೊಂಡಿದ್ದೆ. ಇಲ್ಲ. ಕ್ಯಾಶ್‌ನ ಗುರುತಿನಲ್ಲಿ ವಿಳಾಸ, ಅಗಲ, ಗುಣಮಟ್ಟ, ಚಿತ್ರದ ಬಗೆ ಎಲ್ಲ ಸೇರಿರುತ್ತವೆ. ಫೋನ್‌ಗೆ 828 ಅಗಲದ್ದು ಬೇಕಾದರೆ 8 ಎಂಬಿ ಒಮ್ಮೆ ಬರುತ್ತದೆ. ಲ್ಯಾಪ್‌ಟಾಪ್‌ಗೆ 1920 ಬೇಕಾದರೆ ಅದೇ 8 ಎಂಬಿ ಇನ್ನೊಮ್ಮೆ. ಶನಿವಾರ ಬೆಂಗಳೂರಿನವರು ನಾಲ್ಕು ಬಗೆಯ ಫೋನ್ ಹಿಡಿದು ರೂಮ್ ಹುಡುಕಿದರೆ ಗೌಡ್ರ ಲೈನ್ ಗತಿ ಏನಾಗಬೇಡ?

ಇದೇ ಗಡುವಿಗೆ ಎರಡು ಮುಖ ಇದೆ, ಅದಕ್ಕೇ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಆ ಕಡೆಯ ಸರ್ವರ್ ಮಾತಾಡುವುದಕ್ಕೇ 7 ಸೆಕೆಂಡ್ ಮೀರಿದರೆ 504 ಮತ್ತು ಮೇಲಿನ ಸಾಲು. ಮಾತು ಶುರುವಾಗಿ, ಫೋಟೋ ಅರ್ಧ ಬಂದಿರುವಾಗ ಗಡುವು ಮುಗಿದರೆ ಬರೀ 500, ಲಾಗ್‌ನಲ್ಲಿ ಟೈಮ್‌ಔಟ್ ಎರರ್. ನಮ್ಮಲ್ಲಿ ಎರಡೂ ಇದ್ದವು. 500ಗಳು ನಿಧಾನ ಲೈನ್‌ನಿಂದ. 504ಗಳು ಹೆಚ್ಚಾಗಿ ಬೆಳಗಿನ ಜಾವ, ಮಧ್ಯಾಹ್ನ ಊಟದ ನಂತರ. ಯಾಕೆ ಅಂದರೆ ಯಾರೂ ಕೇಳದಿದ್ದಾಗ ಡಬ್ಬಿಯ ಹಾರ್ಡ್ ಡಿಸ್ಕ್ ಮಲಗುತ್ತಿತ್ತು. ಎದ್ದು ತಿರುಗಲು ಶುರು ಮಾಡುವುದರೊಳಗೆ ಗಡುವು ಖಲಾಸ್. ಮೊದಲು ಬಂದವರಿಗೆ ಬಿಳಿ ಚೌಕ, ಎರಡನೆಯವರಿಗೆ ಫೋಟೋ. ನಾನು ಹೋದಾಗ ಆಫ್ ಮಾಡಿ ಆನ್ ಮಾಡಿದ್ದೆ, ಡಿಸ್ಕ್ ಎಚ್ಚರವಾಗಿತ್ತು, ಚಿಕ್ಕ ಫೋಟೋಗಳು ಸಲೀಸಾಗಿ ಬಂದವು. ನಾನು ಕೇಬಲ್‌ಗೆ ಶಹಭಾಸ್ ಅಂದೆ.

ಏನು ಮಾಡಿದೆವು

ಕೋಡ್‌ನಲ್ಲಿರುವ 7000 ತಿದ್ದಿ 20000 ಮಾಡೋಣ ಅಂತ ನನಗೂ ಅನ್ನಿಸಿತು. ಮಾಡಬೇಡಿ. ಮುಂದಿನ ಇನ್‌ಸ್ಟಾಲ್‌ಗೆ ಅದು ಅಳಿಸಿಹೋಗುತ್ತದೆ. ಅಷ್ಟಕ್ಕೂ ಫೋಟೋಗೆ 16 ಸೆಕೆಂಡ್ ಕಾಯುವ ಗಿರಾಕಿ ಯಾರಿದ್ದಾರೆ?

ಮೂಲ ಫೋಟೋಗಳು ಗೌಡ್ರ ಮನೆಯಲ್ಲೇ ಉಳಿದವು, ಅವರ ಹಟವೂ ಉಳಿಯಿತು. ರಾತ್ರಿ ಒಂದು ಚಿಕ್ಕ ಸ್ಕ್ರಿಪ್ಟ್ ಹೊಸ ಫೋಟೋಗಳನ್ನು 2400 ಪಿಕ್ಸೆಲ್ ಅಗಲಕ್ಕೆ ಇಳಿಸಿ ನಮ್ಮ ಸರ್ವರ್‌ಗೆ ಕಳಿಸುತ್ತದೆ. 8 ಎಂಬಿ ಇದ್ದದ್ದು 600 ಕೆಬಿ ಆಸುಪಾಸಿಗೆ ಬರುತ್ತದೆ. ಸೆಕೆಂಡಿಗೆ 4 ಮೆಗಾಬಿಟ್ ಲೈನ್‌ನಲ್ಲೂ ಅದಕ್ಕೆ ಒಂದೂಕಾಲು ಸೆಕೆಂಡ್ ಸಾಕು. ಕ್ಯಾಶ್ ಫೋಲ್ಡರನ್ನು ಕಂಟೇನರ್‌ನಿಂದ ಹೊರಗೆ ಇಟ್ಟೆವು, ಡಿಪ್ಲಾಯ್ ಆದರೂ ಉಳಿಯಲಿ ಅಂತ.

ಇಲ್ಲಿ ಒಂದು ಗುಂಡಿ ಇದೆ, ನೋಡಿಕೊಂಡು ಹೋಗಿ. ಆ ಫೋಟೋಗಳನ್ನು ಸೀದಾ ಪಬ್ಲಿಕ್ ಫೋಲ್ಡರ್‌ಗೆ ಹಾಕಿದರೆ ಆಯಿತಲ್ಲ ಅನ್ನಿಸುತ್ತದೆ. ಆದರೆ ಬಿಲ್ಡ್ ಆಗುವಾಗ ಆ ಫೋಲ್ಡರ್‌ನಲ್ಲಿ ಇದ್ದದ್ದನ್ನು ಮಾತ್ರ ನೆಕ್ಸ್ಟ್ ಜೆಎಸ್ ಕೊಡುತ್ತದೆ. ಆಮೇಲೆ ಬಂದು ಬಿದ್ದದ್ದಕ್ಕೆ 404, ಅಂದರೆ ಸಿಗಲಿಲ್ಲ. ಅದಕ್ಕೇ ನಾವು ಎಂಜಿನ್‌ಎಕ್ಸ್ ಅನ್ನುವ ವೆಬ್ ಸರ್ವರ್‌ನಿಂದ ಬೇರೆ ಸಬ್‌ಡೊಮೇನ್‌ನಲ್ಲಿ ಕೊಟ್ಟೆವು.

504 ಅಲ್ಲ, 400 ಬಂದರೆ

ಆಗ ಕಥೆ ಬೇರೆ, ಸಾಮಾನ್ಯವಾಗಿ ಸುಲಭ. "ಯುಆರ್‌ಎಲ್ ಪ್ಯಾರಾಮೀಟರ್ ಈಸ್ ನಾಟ್ ಅಲೌಡ್" ಅಂದರೆ ಆ ಹೋಸ್ಟ್‌ನ ಹೆಸರು ಕಾನ್ಫಿಗ್ ಫೈಲ್‌ನ ರಿಮೋಟ್ ಪ್ಯಾಟರ್ನ್ಸ್ ಪಟ್ಟಿಗೆ (ಫೋಟೋ ತರಬಹುದಾದ ವಿಳಾಸಗಳ ಪಟ್ಟಿ) ಹೊಂದುತ್ತಿಲ್ಲ. ಹೆಸರು ಬರೆದಿದ್ದೀನಲ್ಲ ಅಂತ ವಾದ ಮಾಡುವ ಮುಂಚೆ ಪೋರ್ಟ್ (ವಿಳಾಸದಲ್ಲಿ ಹೋಸ್ಟ್ ಹೆಸರಿನ ನಂತರ ಬರುವ ಸಂಖ್ಯೆ) ನೋಡಿ. ಪೋರ್ಟ್ ಅನ್ನುವ ಜಾಗದಲ್ಲಿ ಖಾಲಿ ಕೋಟ್ ಹಾಕಿದ್ದರೆ "ಪೋರ್ಟ್ ಬರೆದ ಯಾವ ವಿಳಾಸವೂ ಬೇಡ" ಅಂತ ಅರ್ಥ. ಆ ಸಾಲನ್ನೇ ಬಿಟ್ಟರೆ ಯಾವ ಪೋರ್ಟ್ ಆದರೂ ಸರಿ. ಡಬ್ಬಿಯ ವಿಳಾಸದಲ್ಲಿ 8443 ಇತ್ತು, ಬೇರೆ ಕಡೆಯಿಂದ ನಕಲು ಮಾಡಿದ ಕಾನ್ಫಿಗ್‌ನಲ್ಲಿ ಖಾಲಿ ಕೋಟ್ ಇತ್ತು. ಒಂದು ಗಂಟೆ ಹೋಯಿತು. ಎಚ್‌ಟಿಟಿಪಿ, ಎಚ್‌ಟಿಟಿಪಿಎಸ್ ವ್ಯತ್ಯಾಸವೂ ಹೀಗೇ ಕೈಕೊಡುತ್ತದೆ. ಡೆವಲಪ್‌ಮೆಂಟ್‌ನಲ್ಲಿ ಈ ತಪ್ಪಿಗೆ ದೊಡ್ಡ ಕೆಂಪು ಎರರ್ ಬರುತ್ತದೆ, ಪ್ರೊಡಕ್ಷನ್‌ನಲ್ಲಿ ಬರೀ ಮುರಿದ ಚಿತ್ರ.

ಅಗಲದ ತಪ್ಪು ಇನ್ನೊಂದು. ನಮ್ಮ ಮಂಡಿಯಲ್ಲಿ ಅಡಿಕೆ ಅಂದರೆ ಸರಕು, ಬೆಟ್ಟೆ, ರಾಶಿ, ಗೊರಬಲು. ಇದರಲ್ಲಿ ಒಂದಕ್ಕೆ ಸೇರಬೇಕು, ನಡುವೆ ನಿಮ್ಮದೇ ಹೆಸರು ಇಟ್ಟುಕೊಂಡು ಹೋದರೆ ದರ ಕೂಗುವವರಿಲ್ಲ. ಆಪ್ಟಿಮೈಸರ್‌ಗೂ ಅಗಲಗಳ ಪಟ್ಟಿ ಇದೆ. ದೊಡ್ಡವು 640, 750, 828, 1080, 1200, 1920, 2048, 3840. ಚಿಕ್ಕವು 32ರಿಂದ 384ರವರೆಗೆ ಕೆಲವು. ಕಾಂಪೊನೆಂಟ್ ಬಳಸಿದರೆ ಅದೇ ಪಟ್ಟಿಯಿಂದ ಆರಿಸಿಕೊಳ್ಳುತ್ತದೆ, ತೊಂದರೆ ಇಲ್ಲ. ಕೈಯಿಂದ ವಿಳಾಸ ಬರೆದಾಗ ಸಿಕ್ಕಿಬೀಳುತ್ತೀರಿ. ವಾಟ್ಸಾಪ್‌ನಲ್ಲಿ ಲಿಂಕ್ ಕಳಿಸಿದಾಗ ಕಾಣುವ ಚಿತ್ರಕ್ಕೆ ನಾನು 600 ಅಂತ ಬರೆದಿದ್ದೆ. 640 ಮಾಡಿದ ತಕ್ಷಣ ಬಂತು.

"ದ ರಿಕ್ವೆಸ್ಟೆಡ್ ರಿಸೋರ್ಸ್ ಈಸಂಟ್ ಎ ವ್ಯಾಲಿಡ್ ಇಮೇಜ್" ಅಂತ ಬಂದರೆ ಲಾಗ್ ನೋಡಿ. ಅಲ್ಲಿ ಏನು ಬಂತು ಅಂತ ಬರೆದಿರುತ್ತದೆ. ಎಚ್‌ಟಿಎಂಎಲ್ ಬಂದಿದೆ ಅಂದರೆ ಫೋಟೋ ಬದಲು ಲಾಗಿನ್ ಪುಟವೋ ಎರರ್ ಪುಟವೋ ಬಂದಿದೆ. ನಿಮ್ಮ ಬ್ರೌಸರ್‌ನಲ್ಲಿ ಕಾಣುತ್ತದೆ, ಏಕೆಂದರೆ ನೀವು ಲಾಗಿನ್ ಆಗಿದ್ದೀರಿ. ಆಪ್ಟಿಮೈಸರ್ ನಿಮ್ಮ ಕುಕಿಯನ್ನು (ಲಾಗಿನ್ ಗುರುತನ್ನು) ಆ ಕಡೆಗೆ ದಾಟಿಸುವುದಿಲ್ಲ. ಲಾಗಿನ್ ಬೇಕಾದ ಫೋಟೋಗೆ ಕಾಂಪೊನೆಂಟ್‌ನಲ್ಲಿ ಅನ್‌ಆಪ್ಟಿಮೈಸ್ಡ್ ಅಂತ ಹಾಕಿ, ಬ್ರೌಸರೇ ನೇರವಾಗಿ ತಂದುಕೊಳ್ಳಲಿ. ಅನುಮಾನ ಬಂದ ಯಾವುದೇ ಫೋಟೋಗೂ ಸುಮ್ನೆ ಪರೀಕ್ಷೆಗೆ ಇದನ್ನು ಹಾಕಿ ನೋಡಬಹುದು. ಹಾಕಿದಾಗ ಬಂದರೆ ದೋಷ ನಡುವಿನ ದಾರಿಯಲ್ಲಿದೆ.

ಎರರ್ ಬಾರದ ದೋಷ

ನನಗೆ ಹೆಚ್ಚು ಸಿಟ್ಟು ಬರಿಸಿದ್ದು ಇದು. ಎಲ್ಲ ಸರಿಯಾದ ಮೇಲೆ ಗೌಡ್ರ ಮಗ ಡ್ರೋನ್‌ನಿಂದ ತೋಟದ ಮೇಲೆಲ್ಲ ಸುತ್ತಿಸಿ, ಹತ್ತಾರು ಚಿತ್ರ ಹೊಲಿದು ಒಂದು ಉದ್ದದ ಫೋಟೋ ಮಾಡಿದ. 24000 ಪಿಕ್ಸೆಲ್ ಅಗಲ, 12000 ಎತ್ತರ. ನಮ್ಮ ಸ್ಕ್ರಿಪ್ಟ್‌ಗೆ ಕೊಡದೆ ಸೀದಾ ಸರ್ವರ್‌ಗೇ ಹಾಕಿದ. ಸೈಟ್‌ನಲ್ಲಿ ಚೆನ್ನಾಗೇ ಕಂಡಿತು. ಆದರೆ ಮುಖಪುಟ ತೆರೆದರೆ ಫೋನ್ ಬಿಸಿಯಾಗುತ್ತಿತ್ತು, ಡೇಟಾ ಖಾಲಿಯಾಗುತ್ತಿತ್ತು.

ಫೋಟೋ ಕುಗ್ಗಿಸಲು ನೆಕ್ಸ್ಟ್ ಜೆಎಸ್ ಬಳಸುವುದು ಶಾರ್ಪ್ ಅನ್ನುವ ಲೈಬ್ರರಿ. ಅದು ತೆರೆಯುವ ಫೋಟೋಗೆ ಒಟ್ಟು ಪಿಕ್ಸೆಲ್‌ಗಳ ಮಿತಿ ಇದೆ, 26,84,02,689. ವಿಚಿತ್ರ ಅಂಕಿ ಅನ್ನಿಸಿದರೆ 16383ನ್ನು ಅದರಿಂದಲೇ ಗುಣಿಸಿ ನೋಡಿ. ತೋಟದ ಫೋಟೋ 28 ಕೋಟಿ 80 ಲಕ್ಷ ಪಿಕ್ಸೆಲ್. ಮಿತಿ ಮೀರಿದಾಗ ಶಾರ್ಪ್ ಕೈಚೆಲ್ಲುತ್ತದೆ. ಆಗ ಆಪ್ಟಿಮೈಸರ್ ಎರರ್ ತೋರಿಸುವ ಬದಲು ಮೂಲ ಫೋಟೋವನ್ನೇ ಎತ್ತಿ ಕೊಟ್ಟುಬಿಡುತ್ತದೆ. 200 ಸ್ಟೇಟಸ್, 38 ಎಂಬಿ.

ಇದನ್ನು ಹಿಡಿಯಲು ಡೆವಲಪರ್ ಟೂಲ್ಸ್‌ನ ನೆಟ್‌ವರ್ಕ್ ಟ್ಯಾಬ್‌ನಲ್ಲಿ ಚಿತ್ರದ ಬಗೆ ನೋಡಿ. ಉಳಿದವೆಲ್ಲ ವೆಬ್‌ಪಿ ಇರುವಾಗ ಒಂದು ಮಾತ್ರ ಜೆಪೆಗ್ ಬಂದಿದ್ದರೆ, ಗಾತ್ರವೂ ಜಾಸ್ತಿ ಇದ್ದರೆ, ಅದು ಕುಗ್ಗದೆ ಹಾಗೇ ಬಂದದ್ದು. ಕುಗ್ಗಿಸುವ ಕೆಲಸಕ್ಕೂ ಬೇರೆ 7 ಸೆಕೆಂಡ್ ಗಡುವು ಇದೆ, ಸಣ್ಣ ಸರ್ವರ್‌ನಲ್ಲಿ ದೊಡ್ಡ ಫೋಟೋ ಅದನ್ನೂ ಮೀರಬಹುದು. ಲಕ್ಷಣ ಒಂದೇ. ಅಂದಹಾಗೆ ಚಲಿಸುವ ಜಿಫ್ ಮಾತ್ರ ಬೇಕಂತಲೇ ಹಾಗೇ ಬರುತ್ತದೆ, ಅದನ್ನು ದೋಷ ಅಂದುಕೊಳ್ಳಬೇಡಿ.

16ಕ್ಕೆ ಹೋದ ಮೇಲೆ

ಆಮೇಲೆ ನಾವು 16ನೇ ಆವೃತ್ತಿಗೆ ಹೋದೆವು. ಆಫೀಸಿನಲ್ಲಿ ಪರೀಕ್ಷೆಗೆ ಅಂತ ಗೌಡ್ರ ಫೋಟೋಗಳ ಒಂದು ಪ್ರತಿ 192.168ರಿಂದ ಶುರುವಾಗುವ ವಿಳಾಸದಲ್ಲಿ ಇಟ್ಟುಕೊಂಡಿದ್ದೆವು. ಮತ್ತೆ "ನಾಟ್ ಅಲೌಡ್". ಪಟ್ಟಿ ಸರಿ ಇತ್ತು, ಪೋರ್ಟ್ ಸರಿ ಇತ್ತು. 16ರಿಂದ ಮನೆಯೊಳಗಿನ ಐಪಿ ವಿಳಾಸಗಳನ್ನು ಆಪ್ಟಿಮೈಸರ್ ತಾನಾಗಿ ಮುಟ್ಟುವುದಿಲ್ಲ. ಐಪಿ ಬದಲು ಹೆಸರು ಕೊಟ್ಟರೂ ಆ ಹೆಸರು ಯಾವ ಐಪಿಗೆ ಹೋಗುತ್ತದೆ ಅಂತ ನೋಡುತ್ತದೆ. ಡೇಂಜರಸ್ಲಿ ಅಲೌ ಲೋಕಲ್ ಐಪಿ ಅನ್ನುವ ಸೆಟ್ಟಿಂಗ್ ಆನ್ ಮಾಡಿದರೆ ಬಿಡುತ್ತದೆ. ಆಫೀಸಿನ ಯಂತ್ರದಲ್ಲಿ ಮಾತ್ರ ಆನ್ ಮಾಡಿದ್ದೇವೆ, ಹೊರಗಿನವರಿಗೆ ತೆರೆದ ಸರ್ವರ್‌ನಲ್ಲಿ ಬೇಡ.

ಗುಣಮಟ್ಟಕ್ಕೂ ಅಲ್ಲಿ ಪಟ್ಟಿ ಬಂದಿದೆ. ನೀವೇನೂ ಬರೆಯದಿದ್ದರೆ 75 ಒಂದೇ. ಕಾಂಪೊನೆಂಟ್‌ನಲ್ಲಿ 90 ಅಂತ ಹಾಕಿದರೆ ಸದ್ದಿಲ್ಲದೆ ಹತ್ತಿರದ ಅಂಕಿಗೆ ಇಳಿಯುತ್ತದೆ, ಕೈಯಿಂದ ಬರೆದ ವಿಳಾಸದಲ್ಲಿ ಹಾಕಿದರೆ 400. ಕ್ಯಾಶ್ ಕಡಿಮೆ ಅಂದರೂ ಉಳಿಯುವ ಹೊತ್ತು 60 ಸೆಕೆಂಡ್ ಇದ್ದದ್ದು 4 ಗಂಟೆ ಆಗಿದೆ. ನಮ್ಮಂಥ ಲೈನ್ ಇರುವವರಿಗೆ ಒಳ್ಳೆಯದೇ ಆಯಿತು. ಆದರೆ ಅದೇ ಹೆಸರಿನಲ್ಲಿ ಹೊಸ ಫೋಟೋ ಹಾಕಿ "ಬದಲಾಗಿಲ್ಲ" ಅಂತ ಫೋನ್ ಮಾಡುವ ಗೌಡ್ರಿಗೆ ಫೈಲ್‌ನ ಹೆಸರು ಬದಲಿಸಿ ಹಾಕಿ ಅಂತ ಹೇಳಬೇಕಾಗುತ್ತದೆ. ಮೊನ್ನೆ ಹೇಳಿದೆ. ಈಗ ಎಲ್ಲ ಫೋಟೋಗಳೂ "ಹೊಸದು", "ಹೊಸದು ಎರಡು", "ಇದೇ ಹೊಸದು" ಅಂತ ಬರುತ್ತಿವೆ.